ಆರ್ಗನ್ ಮುಂದಿನ ಬೆಂಚು ಖಾಲಿಯಾದಾಗ: ಕ್ಲಾರ್ಕ್ ಸಿಸ್ಟರ್ಸ್ ಪ್ರಕರಣ

1983ರಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯ ಹಾಡುಗಳ ‘ಹಾಟ್ 100’ ಪಟ್ಟಿಯ 80ನೇ ಸ್ಥಾನಕ್ಕೆ ‘ಯು ಬ್ರಾಟ್ ದ ಸನ್‌ಶೈನ್’ ಎಂಬ ಒಂದು ಭಕ್ತಿಗೀತೆ ಬಂತು. ಅದೇ ಪತ್ರಿಕೆಯ ಕಪ್ಪು ಜನರ ಸಂಗೀತದ ಪಟ್ಟಿಯಲ್ಲಿ ಅದು 16ರವರೆಗೆ ಏರಿತು. ಹಾಡಿದವರು ಡೆಟ್ರಾಯಿಟ್ ನಗರದ ಅಕ್ಕತಂಗಿಯರು: ಜ್ಯಾಕಿ, ಡೆನಿಸ್, ಟ್ವಿಂಕಿ, ಡೊರಿಂಡಾ, ಕ್ಯಾರನ್. ತಂಡದ ಹೆಸರು ದ ಕ್ಲಾರ್ಕ್ ಸಿಸ್ಟರ್ಸ್. 80ನೇ ಸ್ಥಾನ ಕೇಳಲು ದೊಡ್ಡದಲ್ಲ. ಆದರೆ ಅದು ಚರ್ಚಿನ ಹಾಡು, ಡೆಟ್ರಾಯಿಟ್‌ನ ಸಣ್ಣ ಕಂಪನಿಯ ತಟ್ಟೆ, ಅಂದರೆ ರೆಕಾರ್ಡು. ಅದನ್ನು ಕುಣಿಸಿದ್ದು ನ್ಯೂಯಾರ್ಕ್‌ನ ನೈಟ್‌ಕ್ಲಬ್‌ಗಳು.

ಅದೇ ವರ್ಷ ಮಕ್ಕಳ ಜೊತೆ ಗ್ರ್ಯಾಮಿ ವೇದಿಕೆಯಲ್ಲಿ ಕಾಣಿಸಿಕೊಂಡದ್ದಕ್ಕೆ ತಾಯಿ ಮ್ಯಾಟಿ ಮಾಸ್ ಕ್ಲಾರ್ಕ್ ತಮ್ಮ ಸಭೆಯ ಹಿರಿಯರಿಂದ ಛೀಮಾರಿ ಹಾಕಿಸಿಕೊಂಡರು. ಈ ತಂಡದ ಕಥೆ ಹೇಳುವವರೆಲ್ಲ ಇಲ್ಲಿಗೆ ಬಂದು ನಿಲ್ಲುತ್ತಾರೆ. ಚರ್ಚು ತಡೆಯದಿದ್ದರೆ ಇವರು ಇನ್ನೆಲ್ಲೋ ಇರುತ್ತಿದ್ದರು ಎನ್ನುತ್ತಾರೆ. ತಡೆ ಇದ್ದದ್ದು ನಿಜ. ಆದರೆ ತಂಡ ಬಿರುಕು ಬಿಟ್ಟ ಜಾಗ ಅದಲ್ಲ. ದನಿಗಳ ವಿಷಯದಲ್ಲಿ ಒಬ್ಬರ ಬದಲಿಗೆ ಇನ್ನೊಬ್ಬರು ನಿಲ್ಲುವಂತೆ ಈ ತಂಡ ತಯಾರಾಗಿತ್ತು. ಹಾಡು ಕಟ್ಟುವುದು, ಶ್ರುತಿ ಎತ್ತುವುದು, ವಾದ್ಯ ನುಡಿಸುವುದು ಮಾತ್ರ ಒಬ್ಬರ ಕೈಯಲ್ಲೇ ಇತ್ತು. ಆ ಬಲದಿಂದಲೇ ತಂಡ ಎದ್ದಿತು, ಮುಂದೆ ಎಡವಿದ್ದೂ ಅಲ್ಲೇ.

ತಾಯಿ ಕಲಿಸಿದ ಮೂರು ಪಾರ್ಟು

ಮ್ಯಾಟಿ ಹುಟ್ಟಿದ್ದು 1925ರಲ್ಲಿ ಅಲಬಾಮಾದ ಸೆಲ್ಮಾದಲ್ಲಿ. 1940ರ ದಶಕದ ಕೊನೆಯ ಹೊತ್ತಿಗೆ ಡೆಟ್ರಾಯಿಟ್‌ಗೆ ಬಂದು ನೆಲೆಸಿದರು. ಚರ್ಚ್ ಆಫ್ ಗಾಡ್ ಇನ್ ಕ್ರೈಸ್ಟ್ ಎಂಬ ಪೆಂಟಕೋಸ್ಟಲ್ ಸಭೆಯಲ್ಲಿ ಸಂಗೀತದ ಹೊಣೆ ಹೊತ್ತರು. ಮುಂದೆ ಆ ಸಭೆಯ ಅಂತರರಾಷ್ಟ್ರೀಯ ಸಂಗೀತ ವಿಭಾಗಕ್ಕೇ ಅಧ್ಯಕ್ಷೆಯಾದರು. ಈ ಸಭೆಯ ಕೇಂದ್ರ ಟೆನೆಸಿಯ ಮೆಂಫಿಸ್. ಹೆಂಗಸರಿಗೆ ಪಾಸ್ಟರ್ ದೀಕ್ಷೆ ಕೊಡದ ಸಭೆ ಅದು. ಹಾಗಾಗಿ ಸಂಗೀತ ವಿಭಾಗ ಎಂದರೆ ಒಬ್ಬ ಹೆಂಗಸಿಗೆ ಅಲ್ಲಿ ಸಿಗಬಹುದಾದ ದೊಡ್ಡ ಅಧಿಕಾರಗಳಲ್ಲಿ ಒಂದು. ಬೇರೆ ಹಲವು ಚರ್ಚುಗಳು ಡ್ರಮ್ಮು, ಗಿಟಾರು, ತಂಬೂರಿಗಳನ್ನು ಹೊರಗಿಟ್ಟಿದ್ದ ಕಾಲದಲ್ಲೇ ಈ ಸಭೆ ಅವನ್ನು ಒಳಗೆ ಕರೆದಿತ್ತು. ಇಲ್ಲಿ ತಂಬೂರಿ ಎಂದರೆ ನಮ್ಮ ದಾಸರ ತಂಬೂರಿಯಲ್ಲ, ಕೈಯಲ್ಲಿ ಬಡಿಯುವ ಗೆಜ್ಜೆಯ ಬಳೆ.

ಗಾಸ್ಪೆಲ್, ಅಂದರೆ ಕಪ್ಪು ಜನರ ಚರ್ಚಿನ ಭಕ್ತಿಸಂಗೀತದ ಕ್ವಾಯರನ್ನು (ಗಾಯನವೃಂದವನ್ನು) ಸೋಪ್ರಾನೊ (ಮೇಲಿನ ದನಿ), ಆಲ್ಟೊ (ನಡುವಿನದು), ಟೆನರ್ (ಕೆಳಗಿನದು) ಎಂದು ಮೂರು ಪಾರ್ಟಿಗೆ ಕಟ್ಟಿ ಕಲಿಸಿದವರಲ್ಲಿ ಮ್ಯಾಟಿ ಮೊದಲಿಗರು ಎಂಬ ಮನ್ನಣೆ ಇದೆ. ಬೆಂಗಳೂರು, ಮಂಗಳೂರಿನ ಹಳೆಯ ಚರ್ಚುಗಳಲ್ಲಿ ಬಾಸ್ ಸೇರಿದ ನಾಲ್ಕು ಪಾರ್ಟು ಕೇಳಿದವರಿಗೆ ಇದು ಒಂದು ಕಾಲು ಮುರಿದ ಮಂಚದಂತೆ ಕಾಣಬಹುದು. ಹಾಗಲ್ಲ. ಕೆಳಗಿನ ಬಾಸನ್ನು ಆರ್ಗನ್ನಿನ ಎಡಗೈ ಅಥವಾ ಕಾಲು ನೋಡಿಕೊಳ್ಳುತ್ತದೆ. ಕೊರಳುಗಳಿಗೆ ಉಳಿಯುವುದು ಒತ್ತಾಗಿ ನಿಂತ ಮೂರು ಸ್ವರ. ಒತ್ತಾಗಿ ನಿಂತದ್ದರಿಂದಲೇ ಮೂವರೂ ಒಟ್ಟಿಗೆ ಹಾರಬಹುದು.

ಹಾರುವುದು ಹೀಗೆ. ಷಡ್ಜವನ್ನು ಸ ಎಂದಿಟ್ಟುಕೊಳ್ಳಿ. ಮೊದಲು ಟೆನರ್ ಗ, ಆಲ್ಟೊ ಪ, ಸೋಪ್ರಾನೊ ಮೇಲಿನ ಸ ಹಿಡಿಯುತ್ತಾರೆ. ಅದೇ ಸಾಲು ಮರುಕಳಿಸುವಾಗ ನಿರ್ದೇಶಕಿ ಕೈ ಎತ್ತುತ್ತಾರೆ. ಟೆನರ್ ಪ-ಕ್ಕೆ, ಆಲ್ಟೊ ಸ-ಕ್ಕೆ, ಸೋಪ್ರಾನೊ ಮೇಲಿನ ಗ-ಕ್ಕೆ ಜಿಗಿಯುತ್ತಾರೆ. ಇನ್ನೊಮ್ಮೆ ಕೈ ಎತ್ತಿದರೆ ಸ, ಗ, ಪ. ಮೂರೂ ಅವೇ ಸ್ವರಗಳು, ಮೂರೂ ಅದೇ ಮಾತು. ಆದರೆ ಹಾಡು ಪ್ರತಿ ಸಲ ಒಂದು ಮಜಲು ಮೇಲೆ ಹೋದಂತೆ ಕೇಳುತ್ತದೆ. ಇದರ ಮೇಲೆ ಆರ್ಗನ್ ಶ್ರುತಿಯನ್ನೇ ಅರ್ಧ ಸ್ವರ ಏರಿಸಿದರೆ ಸಭೆ ಎದ್ದು ನಿಲ್ಲುತ್ತದೆ.

ಕೆಡುವುದು ಎಲ್ಲಿ ಎಂದರೆ ಲೆಕ್ಕದಲ್ಲಿ. ಮೊದಲ ಸಾಲನ್ನು ಆರಾಮಾದ ಶ್ರುತಿಯಲ್ಲಿ ಎತ್ತಿದ ತಂಡ ಕೊನೆಗೆ ಕಿರುಚುತ್ತದೆ. ಹಿಂದಿನಿಂದ ಎಣಿಸಬೇಕು. ಸೋಪ್ರಾನೊ ಎದೆದನಿಯಲ್ಲಿ ಗಟ್ಟಿಯಾಗಿ ಹಿಡಿಯಬಲ್ಲ ತುದಿ ಇ5 ಎಂದುಕೊಳ್ಳಿ (ಅಕ್ಷರ ಪಾಶ್ಚಾತ್ಯ ಸ್ವರದ ಹೆಸರು, ಅಂಕೆ ಸ್ಥಾಯಿಯದು). ಎರಡು ಜಿಗಿತಕ್ಕೆ, ಅಂದರೆ ಸ-ದಿಂದ ಪ-ಕ್ಕೆ, ಏಳು ಅರ್ಧಸ್ವರ ಬೇಕು. ಶ್ರುತಿಯನ್ನು ಎರಡು ಸಲ ಏರಿಸಲು ಇನ್ನೆರಡು. ಒಟ್ಟು ಒಂಬತ್ತು. ಹಾಗಾದರೆ ಸೋಪ್ರಾನೊ ಜಿ4ರಲ್ಲಿ ಶುರು ಮಾಡಬೇಕು, ಆಲ್ಟೊ ಡಿ4, ಟೆನರ್ ಬಿ3. ಕೊನೆಯಲ್ಲಿ ಟೆನರ್ ಎ4ಕ್ಕೆ ಬಂದಿರುತ್ತಾಳೆ. ಹೆಂಗಸಿನ ಕೊರಳಿಗೆ ಅದೇನೂ ಕಷ್ಟವಲ್ಲ. ಇನ್ನು ಒಂದೇ ಒಂದು ಸಲ ಶ್ರುತಿ ಏರಿಸುವ ಆಸೆ ಬಂದರೂ ಸೋಪ್ರಾನೊ ತುದಿ ದಾಟುತ್ತಾಳೆ. ಸಭೆ ಆವೇಶದಲ್ಲಿರುವಾಗ ಈ ಆಸೆಯನ್ನು ತಡೆಯುವುದೇ ಕಷ್ಟ.

ಈ ಪಾಠ ಮನೆಯಲ್ಲಿ ಹಗಲೂ ರಾತ್ರಿ ನಡೆಯಿತು. ಹೊಸ ಹಾಡು ಹೊಳೆದರೆ ತಾಯಿ ನಡುರಾತ್ರಿ ಮಕ್ಕಳನ್ನು ಎಬ್ಬಿಸಿ ಕಲಿಸುತ್ತಿದ್ದರು ಎಂದು ಮಕ್ಕಳೇ ಸಂದರ್ಶನಗಳಲ್ಲಿ ಹೇಳಿದ್ದಾರೆ. ಇದನ್ನು ಶಿಸ್ತು ಎಂದು ಮೆಚ್ಚುವವರೂ ಇದ್ದಾರೆ, ಕ್ರೌರ್ಯ ಎನ್ನುವವರೂ ಇದ್ದಾರೆ. ಫಲವಂತೂ ಕಿವಿಗೆ ಕೇಳುತ್ತದೆ. ಒಂಟಿಯಾಗಿ ಹಾಡಲೇ ಕಷ್ಟವಾದ ಬಿರ್ಕಾಗಳನ್ನು ಈ ಅಕ್ಕತಂಗಿಯರು ಮೂರು ಪಾರ್ಟಿನಲ್ಲಿ ಒಟ್ಟಿಗೆ ಉರುಳಿಸುತ್ತಾರೆ. ಅದು ಆ ಕ್ಷಣದಲ್ಲಿ ಹುಟ್ಟುವ ಮನೋಧರ್ಮವಲ್ಲ. ಕರ್ನಾಟಕ ಸಂಗೀತದ ಸಂಗತಿಯ ಹಾಗೆ ಮೊದಲೇ ಪಾಠವಾದದ್ದು, ಎಲ್ಲರ ಗಂಟಲಲ್ಲೂ ಒಂದೇ ಅಚ್ಚಿನಲ್ಲಿ ಕೂತದ್ದು. ಬೇರೆ ತಂಡಗಳು ಇದನ್ನು ನಕಲು ಮಾಡಲು ಹೋದಾಗ ಸ್ವರ ಸಿಗುತ್ತದೆ, ಸ್ವರಾಕ್ಷರ ಸಿಗುವುದಿಲ್ಲ. ಒಬ್ಬಳು ಆ-ಕಾರದಲ್ಲಿ, ಇನ್ನೊಬ್ಬಳು ಅ-ಕ್ಕೂ ಎ-ಗೂ ನಡುವೆ ಎಲ್ಲೋ ಬಾಯಿ ತೆರೆದರೆ ಒಂಬತ್ತು ಸ್ವರದ ಉರುಳು ಕೆಸರಾಗುತ್ತದೆ. ಹಾಗಾಗಿ ಅಭ್ಯಾಸವನ್ನು ಸ್ವರದಿಂದ ಶುರು ಮಾಡದೆ ಬಾಯಿಯ ಆಕಾರದಿಂದ ಶುರು ಮಾಡಬೇಕು: ಮೊದಲು ಒಂದೇ ಸ್ವರದಲ್ಲಿ ಸಾಲು, ಆಮೇಲೆ ಅರ್ಧ ವೇಗದಲ್ಲಿ ಉರುಳು, ಕೊನೆಗೆ ಪಾರ್ಟು. ಉಸಿರನ್ನು ಎಲ್ಲರೂ ಒಂದೇ ಕಡೆ ತೆಗೆದುಕೊಳ್ಳಬಾರದು. ಸಾಲಿನ ನಡುವೆ ಒಬ್ಬೊಬ್ಬರು ಒಂದೊಂದು ಮಾತಿನ ಹಿಂದೆ ಕದಿಯಬೇಕು.

ದನಿಗಳ ಬಣ್ಣ ಬೇರೆಬೇರೆ. ಕ್ಯಾರನ್ ಮೇಲಿನ ಸ್ಥಾಯಿಯಲ್ಲಿ ಬೆಂಕಿಕಡ್ಡಿ ಗೀರಿದಂತೆ ಹೊತ್ತಿಕೊಳ್ಳುತ್ತಾರೆ. ಡೊರಿಂಡಾ ಜಾಝ್‌ನವರ ಸ್ಕ್ಯಾಟ್ ಧಾಟಿಯವರು (ಅರ್ಥವಿಲ್ಲದ ಅಕ್ಷರಗಳಲ್ಲಿ ಹಾಡುವ ಬಗೆ), ಗಂಟಲಲ್ಲಿ ಗರಗಸ ಉಂಟು. ಹಿರಿಯರಾದ ಜ್ಯಾಕಿಯ ದನಿ ಗಟ್ಟಿ, ನೇರ. ಇಷ್ಟು ಬೇರೆಯಾದರೂ ಪಾರ್ಟಿಗೆ ಬಂದ ಕ್ಷಣ ಯಾರ ದನಿ ಯಾವುದು ಎಂದು ಬಿಡಿಸಲಾಗದು.

ಹಿಮ್ಮೇಳದಲ್ಲಿ ಕೂತ ಭಾಗವತ

ಯಕ್ಷಗಾನ ನೋಡಿದವರಿಗೆ ಟ್ವಿಂಕಿ ಕ್ಲಾರ್ಕ್ ಜಾಗವನ್ನು ವಿವರಿಸುವುದು ಸುಲಭ. ಕುಣಿಯುವವರು ಮುಂದೆ, ಆಟ ನಡೆಸುವವರು ಹಿಂದೆ. ಎಲ್ಬರ್ನಿಟಾ ಎಂಬುದು ಅವರ ಪೂರ್ಣ ಹೆಸರು, ಹುಟ್ಟಿದ್ದು 1954ರಲ್ಲಿ. ಹ್ಯಾಮಂಡ್ ಬಿ-3 ಆರ್ಗನ್ ಮುಂದೆ ಕೂತು, ತಾವೇ ಬರೆದ ಹಾಡನ್ನು, ತಾವೇ ಪಾರ್ಟು ಹಂಚಿ, ತಾವೇ ಮುಂದಾಳುದನಿಯಾಗಿ ಎತ್ತಿ, ಎಲ್ಲಿ ಮರುಕಳಿಸಬೇಕು, ಎಲ್ಲಿ ಏರಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಎರಡು ಕೈ ಎರಡು ಕಾಲಲ್ಲಿ ತೀರ್ಮಾನಿಸುತ್ತಿದ್ದರು.

ಆ ವಾದ್ಯದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋದರೆ ಪ್ರಕರಣ ಅರ್ಥವಾಗುವುದಿಲ್ಲ. ಬಿ-3 ತಯಾರಾದದ್ದು 1954ರಿಂದ 1974ರವರೆಗೆ. 61 ಮನೆಗಳ ಎರಡು ಕೀಬೋರ್ಡು, ಕಾಲಿಗೆ 25 ಪೆಡಲು, ಒಳಗೆ ತಿರುಗುವ 91 ಹಲ್ಲುಚಕ್ರಗಳು. ಚಕ್ರಗಳು ತಂತಿ ಸುತ್ತಿದ ಕಾಯಿಲ್‌ನ ಮುಂದೆ ಸುತ್ತುವಾಗ ಸ್ವರ ಹುಟ್ಟುತ್ತದೆ. ದನಿಯ ಬಣ್ಣವನ್ನು ಎಳೆಯುವ ಒಂಬತ್ತು ಪಟ್ಟಿಗಳು, ಅಂದರೆ ಡ್ರಾಬಾರ್‌ಗಳು, ನಿರ್ಧರಿಸುತ್ತವೆ. ಎಳೆದಷ್ಟೂ ಆ ಉಪಸ್ವರ ಜೋರು. ಮನೆಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಒಂದೇ. ಏರಿಳಿತವೆಲ್ಲ ಬಲಗಾಲಿನ ವಾಲ್ಯೂಮ್ ಪೆಡಲಿನಲ್ಲಿ. ಇನ್ನೊಂದು ಪೆಟ್ಟಿಗೆ ಲೆಸ್ಲಿ ಸ್ಪೀಕರ್. ಅದರೊಳಗಿನ ಕೊಂಬು ನಿಧಾನದಲ್ಲಿ ನಿಮಿಷಕ್ಕೆ ಸುಮಾರು 40–50 ಸುತ್ತು, ವೇಗದಲ್ಲಿ ಸುಮಾರು 400 ಸುತ್ತು ತಿರುಗುತ್ತದೆ. ಉಪದೇಶ ನಡೆಯುವಾಗ ನಿಧಾನ. ಸಾಲು ಏರುವಾಗ ಸ್ವಿಚ್ಚು ತಳ್ಳಿದರೆ ಕೊಂಬು ವೇಗ ಹಿಡಿಯುವ ಆ ಒಂದೆರಡು ಸೆಕೆಂಡು ಸಭೆಯ ಎದೆಬಡಿತವೂ ಏರುತ್ತದೆ.

ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು, ಸ್ವಿಚ್ಚನ್ನು ಏರಿದ ಮೇಲೆ ತಳ್ಳುವುದು. ಕೊಂಬಿಗೆ ಭಾರವಿದೆ, ವೇಗ ಹಿಡಿಯಲು ಹೊತ್ತು ಬೇಕು; ಅರ್ಧ ಸಾಲು ಮೊದಲೇ ತಳ್ಳಬೇಕು. ಅಂದರೆ ಹಾಡು ಎಲ್ಲಿಗೆ ಹೋಗುತ್ತದೆ ಎಂದು ಆರ್ಗನ್ ನುಡಿಸುವವರಿಗೆ ಎಲ್ಲರಿಗಿಂತ ಮೊದಲು ಗೊತ್ತಿರಬೇಕು. ಹಾಡು ಬರೆದವರೇ ಅಲ್ಲಿ ಕೂತಿದ್ದರೆ ಈ ತೊಂದರೆಯೇ ಇಲ್ಲ. ಟ್ವಿಂಕಿಯ ನಂತರ ಆ ಬೆಂಚಿನ ಮೇಲೆ ಎಷ್ಟೇ ನುರಿತವರು ಕೂತರೂ ತಿಳಿಯುವ ವ್ಯತ್ಯಾಸ ಇದು: ಅವರು ದನಿಗಳನ್ನು ಹಿಂಬಾಲಿಸುತ್ತಾರೆ, ಟ್ವಿಂಕಿ ದನಿಗಳನ್ನು ಎಳೆದೊಯ್ಯುತ್ತಿದ್ದರು.

ಬಿಸಿಲು ತಂದ ಹಾಡು

ತಂಡದ ಮೊದಲ ತಟ್ಟೆಗಳು 1970ರ ದಶಕದ ಆರಂಭದಲ್ಲಿ ಸೋದರಮಾವ ಬಿಲ್ ಮಾಸ್ ಅವರ ಕಂಪನಿಯಿಂದ ಬಂದವು. ಆಮೇಲೆ ಸೌಂಡ್ ಆಫ್ ಗಾಸ್ಪೆಲ್. ಇದು ಫಂಕಡೆಲಿಕ್ ಎಂಬ ಫಂಕ್ ಸಂಗೀತದ ತಂಡವನ್ನು ಹೊರತಂದ ವೆಸ್ಟ್‌ಬೌಂಡ್ ಬಳಗದ್ದೇ ಡೆಟ್ರಾಯಿಟ್ ಕಂಪನಿ ಎಂಬುದನ್ನು ನೆನಪಿಡಬೇಕು. ಚರ್ಚಿನ ತಟ್ಟೆಗೆ ಕುಣಿತದ ಪೇಟೆಯ ದಾರಿ ಗೊತ್ತಿದ್ದದ್ದು ಆ ಕಾರಣಕ್ಕೆ. 1980ರಲ್ಲಿ ಸಭಿಕರ ಮುಂದೆಯೇ ಮುದ್ರಿಸಿದ ‘ಈಸ್ ಮೈ ಲಿವಿಂಗ್ ಇನ್ ವೇನ್’ ಆಲ್ಬಂ ಗಾಸ್ಪೆಲ್ ವಲಯದೊಳಗೆ ಅವರನ್ನು ಭದ್ರಪಡಿಸಿತು. ಮರುವರ್ಷ ಬಂದದ್ದು ‘ಯು ಬ್ರಾಟ್ ದ ಸನ್‌ಶೈನ್’.

ಸ್ಟೀವಿ ವಂಡರ್ 1980ರಲ್ಲಿ ಬಾಬ್ ಮಾರ್ಲಿ ಗೌರವಕ್ಕೆ ಹಾಡಿದ, ಜಮೈಕಾದ ರೆಗೆ ಮಟ್ಟಿನ ಹಾಡೊಂದರ ನಡೆ ಟ್ವಿಂಕಿಯ ಕಿವಿಯಲ್ಲಿತ್ತು. ರೆಗೆಯಲ್ಲಿ ಹೊಡೆತ ಬೀಳುವುದು ಎಣಿಕೆಯ ಮೇಲಲ್ಲ, ಎಣಿಕೆಗಳ ನಡುವೆ. ಡೆಟ್ರಾಯಿಟ್ ಪೆಂಟಕೋಸ್ಟಲ್ ಚಪ್ಪಾಳೆ ಬೀಳುವುದು ನಾಲ್ಕು ಎಣಿಕೆಯಲ್ಲಿ ಎರಡು ಮತ್ತು ನಾಲ್ಕರ ಮೇಲೆ. ಎರಡನ್ನೂ ಒಂದರ ಮೇಲೊಂದು ಇಟ್ಟಾಗ ಕಾಲು ಸುಮ್ಮನಿರುವುದಿಲ್ಲ. ಇನ್ನು ಸಾಹಿತ್ಯ: ಬಹುಪಾಲು ‘ನೀನು’ ಎಂದೇ ಕರೆಯುವ ಹಾಡು ಅದು. ಕ್ಲಬ್ಬಿನಲ್ಲಿದ್ದವರು ಅದನ್ನು ಪ್ರೇಮಗೀತೆಯಾಗಿ ಕೇಳಲು ಅಡ್ಡಿಯಿರಲಿಲ್ಲ. ಅಕ್ಕಮಹಾದೇವಿಯನ್ನು ಓದಿದವರಿಗೆ ದೇವರನ್ನು ನಲ್ಲನ ಮಾತಿನಲ್ಲಿ ಕರೆಯುವುದು ಹೊಸದಲ್ಲ; ಈ ಸಭೆ ಸೇರಿದ ಅಮೆರಿಕದ ಪರಿಶುದ್ಧತಾ ಪಂಥದ ಹಿರಿಯರಿಗೆ ಮಾತ್ರ ಅದು ನುಂಗಲಾರದ ತುತ್ತು.

ವೆಸ್ಟ್‌ಬೌಂಡ್ ಈ ಹಾಡನ್ನು ದೊಡ್ಡ ಕಂಪನಿಯಾದ ಎಲೆಕ್ಟ್ರಾ ಮೂಲಕ ಸಿಂಗಲ್ಲಾಗಿ ಹೊರಡಿಸಿತು. ಸ್ಟುಡಿಯೋ 54ರಂಥ ಕ್ಲಬ್ಬಿನಲ್ಲೂ ಮೊಳಗಿತು. ಆಮೇಲಿನದು ಗ್ರ್ಯಾಮಿ ವೇದಿಕೆ, ಛೀಮಾರಿ. ಸಭೆಯ ದೃಷ್ಟಿಯಿಂದ ನೋಡಿದರೆ ಅವರ ಸಿಟ್ಟಿಗೂ ಲೆಕ್ಕವಿತ್ತು. ಮ್ಯಾಟಿ ಬರೀ ಈ ಅಕ್ಕತಂಗಿಯರ ತಾಯಿಯಲ್ಲ, ಇಡೀ ಸಭೆಯ ಸಂಗೀತದ ಅಧಿಕಾರಿ. ಆಕೆ ನಿಂತ ವೇದಿಕೆ ಸಭೆ ಒಪ್ಪಿದ ವೇದಿಕೆ ಎಂದಾಗುತ್ತದೆ. ಮ್ಯಾಟಿ ತಮ್ಮ ಹುದ್ದೆಯನ್ನು ಉಳಿಸಿಕೊಂಡರು, ಮಕ್ಕಳ ಜೊತೆ ಲೌಕಿಕ ವೇದಿಕೆ ಹತ್ತುವುದನ್ನು ಬಿಟ್ಟರು. ವೃತ್ತಿಯ ಲೆಕ್ಕದಲ್ಲಿ ಇದು ನಷ್ಟವೇ? ಅರ್ಧ ಮಾತ್ರ. ಸಭೆಯ ಮಹಾಸಮ್ಮೇಳನಗಳಲ್ಲಿ ಮ್ಯಾಟಿ ನಡೆಸುತ್ತಿದ್ದ ಮಧ್ಯರಾತ್ರಿಯ ಸಂಗೀತಕೂಟಗಳೇ ಈ ತಂಡದ ಹೊಸ ಹಾಡುಗಳು ಮೊದಲು ಕೇಳಿಬರುವ ಜಾಗ. ದೇಶದ ಎಲ್ಲ ಮೂಲೆಯಿಂದ ಬಂದ ಕ್ವಾಯರ್ ನಿರ್ದೇಶಕರು ಅಲ್ಲಿ ಕೇಳಿ, ಊರಿಗೆ ಹೋಗಿ ಕಲಿಸುತ್ತಿದ್ದರು. ಆ ಬಾಗಿಲು ಮುಚ್ಚಿ ಹಾಟ್ 100ರ ಹಿಂದೆ ಹೋಗಿದ್ದರೆ ಒಂದು ಹಾಡಿನ ತಂಡವಾಗಿ ಕರಗಿಹೋಗುವ ಅಪಾಯವೂ ಅಷ್ಟೇ ಇತ್ತು.

ದುಡ್ಡು ಹರಿಯುವ ಕಾಲುವೆ

ಈ ಬಗೆಯ ತಂಡಗಳಲ್ಲಿ ಬಿರುಕು ಹುಟ್ಟುವ ಜಾಗ ಸಾಮಾನ್ಯವಾಗಿ ವೇದಿಕೆಯಲ್ಲ, ಕರಾರುಪತ್ರ. ಅಮೆರಿಕದ ಕಾನೂನಿನಲ್ಲಿ ಒಂದು ತಟ್ಟೆಗೆ ಎರಡು ಹಕ್ಕು. ಹಾಡು, ಅಂದರೆ ಸಾಹಿತ್ಯ ಮತ್ತು ಮಟ್ಟು, ಬರೆದವರದು ಮತ್ತು ಪ್ರಕಾಶಕರದು. ಮುದ್ರಿಕೆ, ಅಂದರೆ ಸ್ಟುಡಿಯೋದಲ್ಲಿ ಹಿಡಿದ ದನಿ, ಬಹುತೇಕ ಕಂಪನಿಯದು. 1983ರ ಜನವರಿಯಿಂದ ಕಾನೂನು ಗೊತ್ತುಮಾಡಿದ ದರ ಪ್ರತಿ ಹಾಡಿಗೆ, ಪ್ರತಿ ಪ್ರತಿಗೆ 4.25 ಸೆಂಟ್. ಒಂದು ಲಕ್ಷ ಪ್ರತಿ ಹೋದರೆ 4,250 ಡಾಲರ್. ಅದರಲ್ಲಿ ಅರ್ಧ ಪ್ರಕಾಶಕರ ಪಾಲಾಗುವುದು ವಾಡಿಕೆ. ಇದು ಬರೆದವರಿಗೆ ಸೇರುವ ಹಣ, ಹಾಡಿದವರಿಗಲ್ಲ.

ರೇಡಿಯೋದ ವಿಷಯ ಇನ್ನೂ ಬಿಗಿ. ಅಮೆರಿಕದ ಎಎಂ, ಎಫ್‌ಎಂ ಕೇಂದ್ರಗಳು ಹಾಡು ಹಾಕಿದಾಗ ಬರೆದವರಿಗೆ ರಾಯಧನ ಕೊಡುತ್ತವೆ, ಹಾಡಿದವರಿಗೆ ಕೊಡಬೇಕಾಗಿಲ್ಲ. ಐವರು ಸೇರಿ ಹಾಡಿದ ಹಾಡು ದೇಶವೆಲ್ಲ ದಿನವಿಡೀ ಬಂದರೂ ರೇಡಿಯೋದಿಂದ ಬರುವ ಹಣದ ದಾರಿ ಬರೆದವರೊಬ್ಬರ ಮನೆಗೆ. ಉಳಿದವರ ಆದಾಯ ಎಂದರೆ ಕಾರ್ಯಕ್ರಮಗಳು, ಮತ್ತು ಕಂಪನಿ ಖರ್ಚು ಕಳೆದು ಏನಾದರೂ ಉಳಿದರೆ ತಟ್ಟೆಯ ಪಾಲು. ಒಬ್ಬರೇ ಬರೆಯುವ ಯಾವುದೇ ಕುಟುಂಬ ತಂಡ ಮೊದಲ ದಿನವೇ ಮಾತಾಡಿಕೊಳ್ಳಬೇಕಾದ ವಿಷಯವಿದು. ಬರವಣಿಗೆಯ ಪಾಲನ್ನು ಹಂಚಿಕೊಳ್ಳಬೇಕು, ಇಲ್ಲವೇ ಕಾರ್ಯಕ್ರಮದ ಹಣವನ್ನು ಬೇರೆ ತೂಕದಲ್ಲಿ ಹಂಚಬೇಕು, ಇಲ್ಲವೇ ಬೇರೆಯವರೂ ಬರೆಯುವುದನ್ನು ಕಲಿಯಬೇಕು.

ಬೆಂಚು ಖಾಲಿ

1980ರ ದಶಕದ ನಡುವೆ ಡೆನಿಸ್ ತಂಡ ಬಿಟ್ಟರು. ಸಂಗೀತದ ಮಟ್ಟಿಗೆ ತಂಡ ಇದನ್ನು ತಾಳಿಕೊಂಡಿತು. ಮೂರು ಪಾರ್ಟಿಗೆ ನಾಲ್ವರಿದ್ದರು. ಒಬ್ಬರು ಮುಂದಾಳಾಗಿ ಎತ್ತಿದಾಗಲೂ ಹಿಂದೆ ಸ್ವರಗುಚ್ಛ ತುಂಬಿರುತ್ತಿತ್ತು. 1986ರ ‘ಹಾರ್ಟ್ ಆ್ಯಂಡ್ ಸೋಲ್’, 1988ರ ‘ಕಾಂಕರರ್’, 1989ರ ‘ಬ್ರಿಂಗಿಂಗ್ ಇಟ್ ಬ್ಯಾಕ್ ಹೋಮ್’ ಈ ಕಾಲದವು.

ಟ್ವಿಂಕಿ ಒಂಟಿದಾರಿ ಹಿಡಿದಾಗ ಹಾಗಾಗಲಿಲ್ಲ. 1994ರ ‘ಮಿರಾಕಲ್’ ಆಲ್ಬಂನಲ್ಲಿ ಜ್ಯಾಕಿ, ಡೊರಿಂಡಾ, ಕ್ಯಾರನ್ ಮೂವರೇ. ಮೂವರಿದ್ದಾಗ ಲೆಕ್ಕ ಹೀಗೆ: ಒಬ್ಬರು ಮುಂದಾಳಾಗಿ ಬಿಡಿಯಾದ ಕೂಡಲೇ ಹಿಂದೆ ಉಳಿಯುವುದು ಎರಡು ಸ್ವರ. ಉಳಿದದ್ದು ಸ ಮತ್ತು ಪ ಆದರೆ ಗುಚ್ಛಕ್ಕೆ ಬಣ್ಣವೇ ಇಲ್ಲ, ಅದು ಖುಷಿಯೋ ದುಃಖವೋ ತಿಳಿಯದು; ಗಾಂಧಾರವನ್ನು ಯಾರಾದರೂ ಹಿಡಿಯಲೇಬೇಕು. ಸ್ಟುಡಿಯೋದಲ್ಲಿ ದನಿಯ ಮೇಲೆ ದನಿ ಹೇರಿ ತುಂಬಬಹುದು, ವೇದಿಕೆಯಲ್ಲಿ ಹಿಮ್ಮೇಳದವರನ್ನು ತರಬೇಕು. ಇದಕ್ಕೆಲ್ಲ ಪರಿಹಾರವಿತ್ತು. ಪೆನ್ನಿಗೂ ಆರ್ಗನ್ನಿಗೂ ಪರಿಹಾರವಿರಲಿಲ್ಲ. ಹಾಡು ಹೊರಗಿನಿಂದ ಬಂದಾಗ ಅದರ ಮಟ್ಟು ಈ ಕೊರಳುಗಳಿಗಾಗಿ ಕತ್ತರಿಸಿದ ಬಟ್ಟೆಯಾಗಿರುವುದಿಲ್ಲ. ‘ಮಿರಾಕಲ್’ ಚೊಕ್ಕವಾದ ಆಲ್ಬಂ. ಆದರೆ ಕಣ್ಣು ಮುಚ್ಚಿ ಕೇಳಿದರೆ ಒಳ್ಳೆಯ ಗಾಸ್ಪೆಲ್ ತಂಡ ಎನಿಸುತ್ತದೆ, ಕ್ಲಾರ್ಕ್ ಸಿಸ್ಟರ್ಸ್ ಎಂದು ಹೇಳಲು ಒಂದು ಗಳಿಗೆ ಬೇಕಾಗುತ್ತದೆ. ಅದೇ ವರ್ಷ ಸೆಪ್ಟೆಂಬರ್ 22ರಂದು ಮ್ಯಾಟಿ ತೀರಿಕೊಂಡರು. ಕಟ್ಟಿದ ಕೈ ಇಲ್ಲ, ಬರೆಯುವ ಕೈ ದೂರ. ತಂಡ ಒಡೆದಿದೆ ಎಂದು ಯಾರೂ ಸಾರಲಿಲ್ಲ. ಹೊಸದೇನೂ ಬರಲಿಲ್ಲ ಅಷ್ಟೆ.

ಆ ಖಾಲಿ ವರ್ಷಗಳಲ್ಲಿ ಒಬ್ಬೊಬ್ಬರೂ ತಮ್ಮ ಕಾಲಮೇಲೆ ನಿಂತರು. ಕ್ಯಾರನ್‌ರ ಮೊದಲ ಒಂಟಿ ಆಲ್ಬಂ 1997ರಲ್ಲಿ, ಡೊರಿಂಡಾರದು 2002ರಲ್ಲಿ. ಸೋದರಮಾವನ ಮಗ ಜೆ. ಮಾಸ್ ನಿರ್ಮಾಪಕನಾಗಿ ಬೆಳೆದ. ಕ್ಯಾರನ್‌ರ ಮಗಳು ಕಿಯೆರಾ ಶೆರ್ಡ್ ಹಾಡುಗಾರ್ತಿಯಾದಳು. ಒಂದು ತಂಡ ಮಲಗಿದ್ದಾಗ ಅದರ ಬೇರು ಹರಡುತ್ತಿತ್ತು.

2007ರಲ್ಲಿ ಜ್ಯಾಕಿ, ಟ್ವಿಂಕಿ, ಡೊರಿಂಡಾ, ಕ್ಯಾರನ್ ನಾಲ್ವರೂ ಸೇರಿ ಸಭಿಕರ ಮುಂದೆ ಮುದ್ರಿಸಿದ ‘ಲೈವ್: ಒನ್ ಲಾಸ್ಟ್ ಟೈಮ್’ ಬಂತು. ನಿರ್ಮಾಣ ಡೊನಾಲ್ಡ್ ಲಾರೆನ್ಸ್ ಅವರದು. ಇಲ್ಲಿನ ಮುಖ್ಯ ಬದಲಾವಣೆ, ಎಲ್ಲ ಹೊರೆಯನ್ನೂ ಆರ್ಗನ್ ಬೆಂಚಿನ ಮೇಲೆ ಹೇರದೆ ಹೊರಗಿನ ನಿರ್ಮಾಪಕರೊಬ್ಬರು ಕಟ್ಟುವ ಕೆಲಸವನ್ನು ಹೊತ್ತದ್ದು. 2008ರ ಗ್ರ್ಯಾಮಿಯಲ್ಲಿ ಆಲ್ಬಂಗೆ ಸಾಂಪ್ರದಾಯಿಕ ಗಾಸ್ಪೆಲ್ ಪ್ರಶಸ್ತಿ, ‘ಬ್ಲೆಸ್ಡ್ ಆ್ಯಂಡ್ ಹೈಲಿ ಫೇವರ್ಡ್’ ಹಾಡಿನ ಗಾಯನಕ್ಕೆ ಅರೀಥಾ ಫ್ರ್ಯಾಂಕ್ಲಿನ್–ಮೇರಿ ಜೆ. ಬ್ಲೈಜ್ ಜೋಡಿಯ ಜೊತೆ ಸಮಪಾಲಿನ ಪ್ರಶಸ್ತಿ. ಅದೇ ಹಾಡಿಗೆ ಉತ್ತಮ ಗಾಸ್ಪೆಲ್ ಹಾಡೆಂಬ ಪ್ರಶಸ್ತಿಯೂ ಬಂತು. ಅದು ಬರೆದವರಿಗೆ ಕೊಡುವ ಪ್ರಶಸ್ತಿ, ಪಡೆದವರು ಕ್ಯಾರನ್. 1981ರಲ್ಲಿ ಒಂದೇ ಇದ್ದ ಪೆನ್ನು ಆ ಹೊತ್ತಿಗೆ ಎರಡಾಗಿತ್ತು.

2018ರ ಆಗಸ್ಟ್ 31ರಂದು ಡೆಟ್ರಾಯಿಟ್‌ನಲ್ಲಿ ಅರೀಥಾ ಫ್ರ್ಯಾಂಕ್ಲಿನ್ ಅಂತ್ಯಸಂಸ್ಕಾರದಲ್ಲಿ ಅವರು ಹಾಡಿದ್ದು 1980ರ ಆ ಹಳೆಯ ‘ಈಸ್ ಮೈ ಲಿವಿಂಗ್ ಇನ್ ವೇನ್’ ಹಾಡನ್ನೇ. 2020ರಲ್ಲಿ ‘ದ ರಿಟರ್ನ್’ ಆಲ್ಬಂ, ಜೊತೆಗೇ ಲೈಫ್‌ಟೈಮ್ ಟಿವಿಯಲ್ಲಿ ಅವರ ಬದುಕಿನ ಚಿತ್ರ. 2022ರಲ್ಲಿ ಬಿಯಾನ್ಸೆ ‘ಚರ್ಚ್ ಗರ್ಲ್’ ಹಾಡಿನಲ್ಲಿ ಟ್ವಿಂಕಿ 1981ರಲ್ಲಿ ಬರೆದ ‘ಸೆಂಟರ್ ಆಫ್ ದೈ ವಿಲ್’ ತುಣುಕನ್ನು ಬಳಸಿದರು. ತುಣುಕು ಬಳಸಲು ಎರಡು ಒಪ್ಪಿಗೆ ಬೇಕು: ಮುದ್ರಿಕೆಯ ಒಡೆಯರದು, ಹಾಡಿನ ಒಡೆಯರದು. ಹೊಸ ಹಾಡು ಬರೆದವರ ಸಾಲಿನಲ್ಲಿ ಎಲ್ಬರ್ನಿಟಾ ಕ್ಲಾರ್ಕ್ ಹೆಸರು ಸೇರಿತು. 2024ರಲ್ಲಿ ರೆಕಾರ್ಡಿಂಗ್ ಅಕಾಡೆಮಿ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟಾಗ ಹೆಸರು ಇಡೀ ತಂಡದ್ದು. ಕೊಟ್ಟದ್ದು ಅದೇ ಗ್ರ್ಯಾಮಿಯವರು. ನಲವತ್ತೊಂದು ವರ್ಷ ಹಿಂದೆ ತಾಯಿಗೆ ಛೀಮಾರಿ ತಂದದ್ದು ಅವರದೇ ವೇದಿಕೆ.